ಕಲ್ಲಿನ ಮೇಲಿದ್ದಾರೆ, ಪಾಠದಲ್ಲಿಲ್ಲ: ಹೈಸ್ಕೂಲು ಮಕ್ಕಳಿಗೆ ನಮ್ಮ ಸೀಮೆಯ ಮಹಿಳೆಯರ ಇತಿಹಾಸ

ಪ್ರಶ್ನೆ: ನಾನು ಹುನಗುಂದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಇತಿಹಾಸದ ಮಹಿಳೆಯರ ಹೆಸರು ಹೇಳಿ ಎಂದರೆ ಚೆನ್ನಮ್ಮ, ಓಬವ್ವ, ಅಕ್ಕಮಹಾದೇವಿ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಮಾರ್ಚ್ 8ಕ್ಕೆ ಭಾಷಣ ಮಾಡಿಸಿದರೆ ಹುಡುಗಿಯರು ಬಾಯಿಪಾಠ ಒಪ್ಪಿಸುತ್ತಾರೆ, ಹುಡುಗರು ಹಿಂದಿನ ಬೆಂಚಿನಲ್ಲಿ ನಗುತ್ತಾರೆ. ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ತಿಂಗಳಿಗೆ ಎರಡು ಪೀರಿಯಡ್ ಸಿಕ್ಕರೆ ಹೆಚ್ಚು. ಮರೆತುಹೋದ ಮಹಿಳೆಯರ ಬಗ್ಗೆ ಹೇಗೆ ಕಲಿಸಲಿ? ಪ್ರವಾಸಕ್ಕೆ ಕರೆದುಕೊಂಡು ಹೋದರೆ ಏನು ತೋರಿಸಲಿ? ಇದಕ್ಕೆ ಅಂಕ ಕೊಡುವುದು ಹೇಗೆ?

ಉತ್ತರ: ತಿಂಗಳಿಗೆ ಎರಡು ಪೀರಿಯಡ್ ಸಾಕು, ಅವನ್ನು ಹೊಸ ಹೆಸರುಗಳ ಪಟ್ಟಿ ಬರೆಸುವುದಕ್ಕೆ ಕಳೆಯದಿದ್ದರೆ. ಓಬವ್ವನ ಕೆಳಗೆ ಇನ್ನೂ ಹತ್ತು ಹೆಸರು ಸೇರಿಸಿದರೆ ಮಕ್ಕಳಿಗೆ ಬಾಯಿಪಾಠದ ಹೊರೆ ಹತ್ತು ಸಾಲು ಹೆಚ್ಚುತ್ತದೆ, ಪರೀಕ್ಷೆ ಮುಗಿದ ಮರುದಿನ ಎಲ್ಲ ಮರೆತುಹೋಗುತ್ತದೆ. ಹದಿಮೂರು ಹದಿನಾಲ್ಕರ ಮಕ್ಕಳು ಹೇಳಿದ್ದನ್ನೆಲ್ಲ ನಂಬುವ ವಯಸ್ಸು ದಾಟಿರುತ್ತಾರೆ, ವಾದ ಮಾಡುವ ವಯಸ್ಸಿಗೆ ಬಂದಿರುತ್ತಾರೆ. ಅವರ ಕೈಗೆ ಪುರಾವೆ ಕೊಡಿ. ಈಕೆ ಇದ್ದಳು ಎಂದು ನಮಗೆ ಹೇಗೆ ಗೊತ್ತು? ಬರೆಸಿದವರು ಯಾರು? ಬರೆದದ್ದು ಇಷ್ಟು ಹತ್ತಿರದಲ್ಲೇ ಇದ್ದರೂ ನಮ್ಮ ಕಿವಿಗೆ ಯಾಕೆ ಬೀಳಲಿಲ್ಲ? ವರ್ಷಪೂರ್ತಿ ಈ ಮೂರೇ ಪ್ರಶ್ನೆ ಕೇಳಿಸಿ. ಉತ್ತರ ಹುಡುಕಲು ಬೇಕಾದ ಕಲ್ಲು, ಗುಡಿ, ಗೋರಿ, ವಚನ, ನೆನಪು ಎಲ್ಲವೂ ನಿಮ್ಮ ಸುತ್ತಲೇ ಇವೆ. ಈ ವಿಷಯದಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಶಿಕ್ಷಕರು ಬಹಳ ಅನುಕೂಲದಲ್ಲಿದ್ದಾರೆ.

ಮೊದಲ ಪೀರಿಯಡ್ಡಿನಲ್ಲಿ ವಿಷಯ ಏನೆಂದು ಹೇಳಲೇಬೇಡಿ. ಒಂದೊಂದು ಚೀಟಿ ಕೊಟ್ಟು, ಇತಿಹಾಸದಲ್ಲಿ ಬರುವ ಹತ್ತು ಜನರ ಹೆಸರನ್ನು ಮೂರು ನಿಮಿಷದಲ್ಲಿ ಬರೆಯಲು ಹೇಳಿ. ಚೀಟಿ ಅದಲು ಬದಲು ಮಾಡಿಸಿ ಎಣಿಸಿ: ಒಟ್ಟು ಹೆಸರೆಷ್ಟು, ಹೆಣ್ಣುಮಕ್ಕಳೆಷ್ಟು, ನೀವು ಹೇಳಿದ ಆ ಮೂರು ಹೆಸರು ಕಳೆದರೆ ಉಳಿಯುವುದೆಷ್ಟು. ಬೋರ್ಡಿನ ಮೇಲೆ ಬರೆದುಬಿಡಿ, ವಿವರಣೆ ಬೇಡ. ಲೆಕ್ಕ ಅವರದ್ದೇ ಆದ್ದರಿಂದ ಅದರ ಜೊತೆ ಯಾರೂ ಜಗಳವಾಡುವುದಿಲ್ಲ. ಉಳಿದ ಸಮಯದಲ್ಲಿ ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಗುಂಪುಗಳಿಗೆ ಎರಡೆರಡು ಪುಟದಂತೆ ಹಂಚಿ, ಹೆಣ್ಣಿನ ಹೆಸರು ಬಂದಲ್ಲೆಲ್ಲ ಆ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆಸಿ. ಆಳಿದಳೇ, ಕಟ್ಟಿಸಿದಳೇ, ಮದುವೆಯಾದಳೇ, ಹೆತ್ತಳೇ, ಮಡಿದಳೇ? ಹೆಸರು ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಹೆಸರಿದ್ದಾಗ ಆಕೆ ಏನು ಮಾಡುತ್ತಿದ್ದಾಳೆ ಎನ್ನುವುದು ಹೆಚ್ಚು ಕಲಿಸುತ್ತದೆ.

ಚೆನ್ನಮ್ಮನನ್ನು ಬದಿಗಿಡುವ ಅಗತ್ಯವೇನೂ ಇಲ್ಲ. ಮಕ್ಕಳಿಗೆ ಗೊತ್ತಿರುವುದು ಕಪ್ಪದ ಮಾತು. ಅದು ನಾಟಕ, ಸಿನಿಮಾದಿಂದ ಬಂದದ್ದು. ದಾಖಲೆಯಲ್ಲಿರುವ ಜಗಳ ದತ್ತಕದ್ದು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಮಾಡಿದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿ ಕಾವಲು ಕೂರಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಕುದುರೆ ಮೇಲಿನ ಪ್ರತಿಮೆಯಷ್ಟೇ ಗೊತ್ತಿದ್ದ ಮಕ್ಕಳಿಗೆ, ಆಕೆ ವಾರಸುದಾರಿಕೆ ಮತ್ತು ಖಜಾನೆಯ ಹಕ್ಕಿನ ಪ್ರಶ್ನೆ ಎತ್ತಿದ ಆಡಳಿತಗಾರ್ತಿ ಎಂದು ಗೊತ್ತಾದರೆ ಮುಂದಿನ ಹೆಸರುಗಳಿಗೆ ದಾರಿಯಾಗುತ್ತದೆ. ಪ್ರಸಿದ್ಧರಾದವರ ಬದುಕಿನಲ್ಲೂ ಮರೆತ ಭಾಗಗಳು ಇರುತ್ತವೆ.

ಎರಡನೇ ಪೀರಿಯಡ್ಡಿಗೆ ಅಕ್ಕಾದೇವಿಯನ್ನು ತನ್ನಿ. ಆಕೆ ನಿಮ್ಮ ಹುನಗುಂದ ಸೀಮೆಯವಳೇ. ಕಲ್ಯಾಣ ಚಾಲುಕ್ಯರ ಐದನೇ ವಿಕ್ರಮಾದಿತ್ಯ ಮತ್ತು ಎರಡನೇ ಜಯಸಿಂಹನ ಸೋದರಿ, ಒಂದನೇ ಸೋಮೇಶ್ವರನಿಗೆ ಸೋದರತ್ತೆ. ಮೂವರ ಕಾಲದಲ್ಲೂ ಅಧಿಕಾರದಲ್ಲಿದ್ದಳು. ಪಟ್ಟದಕಲ್ಲಿನ ಸುತ್ತಲ ಕಿಸುಕಾಡು ಎಪ್ಪತ್ತನ್ನು, ಅಂದರೆ ಎಪ್ಪತ್ತು ಹಳ್ಳಿಯ ನಾಡನ್ನು ಆಳಿದಳು. ವಿಕ್ರಮಪುರ, ಅಂದರೆ ಈಗಿನ ಅರಸಿಬೀದಿ, ಆಕೆಯ ನೆಲೆ. ಅಲ್ಲಿನ 1047ರ ಶಾಸನದ ಪ್ರಕಾರ ಗೋಕಾಗೆ, ಅಂದರೆ ಗೋಕಾಕ ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಾಗ ಅಲ್ಲಿಂದಲೇ ಅರಸಿಬೀದಿಯ ಬಸದಿಗೆ ದಾನ ಕೊಟ್ಟಳು. ರಣಭೈರವಿ, ಗುಣದ ಬೆಡಂಗಿ ಎಂಬುವು ಆಕೆಯ ಬಿರುದುಗಳು.

ಇದನ್ನು ನೇರವಾಗಿ ಹೇಳಿಬಿಟ್ಟರೆ ಹತ್ತು ನಿಮಿಷದ ಪಾಠ, ಅಷ್ಟೇ. ಹೀಗೆ ಮಾಡಿ: ಒಂದು ಹಾಳೆಯಲ್ಲಿ ಐದು ಸಂಗತಿ ಬರೆಯಿರಿ, ಹೆಸರು ಬಿಡಿ. ನಮ್ಮ ಭಾಷೆಯಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುವುದರಿಂದ ಎಲ್ಲವನ್ನೂ ಗೌರವದ ಬಹುವಚನದಲ್ಲಿಡಿ: ಎಪ್ಪತ್ತು ಹಳ್ಳಿಯ ನಾಡನ್ನು ಆಳಿದರು, ಮೂವರು ರಾಜರ ಕಾಲದಲ್ಲಿ ಅಧಿಕಾರದಲ್ಲಿದ್ದರು, ಕೋಟೆಗೆ ಮುತ್ತಿಗೆ ಹಾಕಿದರು, ಯುದ್ಧದ ಬೀಡಿನಿಂದ ದಾನ ಕೊಟ್ಟರು, ಶೈವರಿಗೂ ಜೈನರಿಗೂ ಆಸರೆಯಾದರು. ಬಿರುದುಗಳನ್ನು ಕೊನೆಗೆ ಉಳಿಸಿಕೊಳ್ಳಿ. ಈ ವ್ಯಕ್ತಿಯ ಚಿತ್ರ ಬಿಡಿಸಿ ಎಂದು ಹೇಳಿ ಏಳೆಂಟು ನಿಮಿಷ ಕೊಡಿ. ಮೀಸೆ, ಪೇಟ, ಕತ್ತಿಯ ಚಿತ್ರಗಳೇ ಹೆಚ್ಚಾಗಿ ಬರುತ್ತವೆ. ಆಮೇಲೆ ಬಿರುದು ಓದಿ, ಹೆಸರು ಹೇಳಿ. ನಗಬೇಡಿ, ತಪ್ಪು ಎನ್ನಬೇಡಿ. ಮೀಸೆ ಯಾಕೆ ಬರೆದೆ, ಹಾಳೆಯಲ್ಲಿ ಎಲ್ಲಿತ್ತು ಎಂದು ಒಬ್ಬಿಬ್ಬರನ್ನು ಕೇಳಿ. ಹುಡುಗರು ಮಾತಿಗಿಳಿಯುವುದು ಇಲ್ಲೇ. "ಅಕ್ಕೋರ, ಹೆಣ್ಮಗಳು ದಂಡು ತಗೊಂಡು ಗೋಕಾಕತನ ಹ್ಯಾಂಗ ಹ್ವಾದ್ಳ್ರಿ?" ಎನ್ನುವ ಪ್ರಶ್ನೆ ಬಂದರೆ ಅದೇ ಮುಂದಿನ ಪಾಠ. ನಕಾಶೆಯ ಮೇಲೆ ದಾರ ಇಟ್ಟು ಅರಸಿಬೀದಿಯಿಂದ ಗೋಕಾಕಕ್ಕೆ ಅಳತೆ ಮಾಡಿಸಿ. ನೂರು ಕಿಲೋಮೀಟರಿಗೂ ಮೇಲೆ ಬರುತ್ತದೆ. ಎತ್ತಿನ ಬಂಡಿಗಳ ಸಮೇತ ದಿನಕ್ಕೆ ಹದಿನೈದು ಕಿಲೋಮೀಟರು ನಡೆದರೂ ಒಂದು ವಾರ ಬೇಕು. ದಂಡಿಗೆ ಜೋಳ ಎಲ್ಲಿಂದ ಬಂತು, ಬೀಸಿದವರು ಯಾರು, ರೊಟ್ಟಿ ಬಡಿದವರು ಯಾರು ಎಂದು ಕೇಳಿದರೆ ಶಾಸನದಲ್ಲಿ ಹೆಸರಿಲ್ಲದ ಹೆಂಗಸರೂ ತರಗತಿಯೊಳಗೆ ಬರುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಅಕ್ಕಾದೇವಿಯನ್ನೂ ಕತ್ತಿ ಹಿಡಿದ ಇನ್ನೊಬ್ಬ ವೀರನಾರಿ ಮಾಡಿ ಛದ್ಮವೇಷಕ್ಕೆ ಕಳಿಸಿಬಿಡುವುದು. ಯುದ್ಧ ಮಾಡಿದವರಷ್ಟೇ ನೆನಪಿಗೆ ಅರ್ಹರು ಎಂಬ ಪಾಠ ಮಕ್ಕಳ ತಲೆಗೆ ಹೋಗುತ್ತದೆ. ಹಾಗಾಗಿ ಇದರ ಬೆನ್ನಿಗೇ ಕತ್ತಿಯಿಲ್ಲದವರನ್ನು ತರಬೇಕು, ಅದಕ್ಕೆ ಪಟ್ಟದಕಲ್ಲಿಗಿಂತ ಒಳ್ಳೆಯ ಜಾಗವಿಲ್ಲ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಲೋಕಮಹಾದೇವಿ, ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯನ ರಾಣಿ. ಸುಮಾರು 740ರಲ್ಲಿ, ಗಂಡ ಕಂಚಿಯನ್ನು ಗೆದ್ದ ನೆನಪಿಗೆ. ಆಗ ಅದರ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಗುಡಿ ಆಕೆಯ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ರಾಜ ರಾಣಿಗೆಂದು ಕಟ್ಟಿಸಿದ್ದು ಎಂದು ಯಾರಾದರೂ ಹೇಳಿದರೆ ಮಕ್ಕಳೇ ತಿದ್ದುವಷ್ಟು ಇದನ್ನು ಗಟ್ಟಿ ಮಾಡಿಸಿ: ರಾಜನ ಗೆಲುವಿಗಾಗಿ ರಾಣಿ ಕಟ್ಟಿಸಿದ್ದು. ವಿರೂಪಾಕ್ಷದ ಪೂರ್ವ ದ್ವಾರದಲ್ಲಿರುವ ಶಾಸನದಲ್ಲಿ ಗುಡಿ ಕಟ್ಟಿದ ಗುಂಡ ಎಂಬ ಸೂತ್ರಧಾರಿಗೆ ಸಂದ ಮರ್ಯಾದೆಯ ವಿವರವಿದೆ. ಹಿಂದೆ ಆಕೆಯ ಮಾವ ವಿಜಯಾದಿತ್ಯ ಹಾಡುಗಾರರಿಗೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಮುಂದುವರಿಸಿದ್ದನ್ನು ಹೇಳುವ ಶಾಸನವೂ ಇಲ್ಲಿದೆ. ಅಂದರೆ ಆಕೆ ಹಣ ಕೊಟ್ಟು ಸುಮ್ಮನೆ ಕೂತವಳಲ್ಲ, ಕಲಾವಿದರ ಹಕ್ಕಿನ ವಿಷಯದಲ್ಲಿ ಅಪ್ಪಣೆ ಹೊರಡಿಸುವ ಅಧಿಕಾರ ಇದ್ದವಳು.

ಪ್ರವಾಸದ ಕ್ರಮ ಹೀಗಿರಲಿ. ಹುನಗುಂದದಿಂದ ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ ನಾಲ್ಕನ್ನೂ ಒಂದೇ ದಿನಕ್ಕೆ ತುರುಕಬೇಡಿ. ಪಟ್ಟದಕಲ್ಲು, ಮಹಾಕೂಟ ಎರಡೇ ಸಾಕು. ಬೆಳಿಗ್ಗೆ ಎಂಟೂವರೆ ಒಂಬತ್ತರೊಳಗೆ ಪಟ್ಟದಕಲ್ಲಿನಲ್ಲಿರಬೇಕು, ಯಾಕೆಂದರೆ ಓರೆ ಬಿಸಿಲು ಬಿದ್ದಾಗ ಮಾತ್ರ ಸವೆದ ಅಕ್ಷರ ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ಕಲ್ಲು ಬರೀ ಚಪ್ಪಟೆ. ನೆರಳಲ್ಲಿರುವ ಶಾಸನಕ್ಕೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿಸಿ, ಎದುರಿನಿಂದ ಬೇಡ. ಅಕ್ಷರ ಕಾಣಲೆಂದು ಸುಣ್ಣದಕಡ್ಡಿ, ಹಿಟ್ಟು, ನೀರು ಹಚ್ಚಲು ಯಾರನ್ನೂ ಬಿಡಬೇಡಿ. ಇವು ಸಂರಕ್ಷಿತ ಸ್ಮಾರಕ, ಪುಡಿ ಕಲ್ಲಿನ ರಂಧ್ರದಲ್ಲಿ ಕೂತರೆ ಹೋಗುವುದಿಲ್ಲ. ಕಾಗದ ಒತ್ತಿ ಅಚ್ಚು ತೆಗೆಯಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆದರೂ ಶಾಲೆಯ ಗುರುತಿನ ಚೀಟಿ, ಮುಖ್ಯೋಪಾಧ್ಯಾಯರ ಪತ್ರ ಜೊತೆಗಿರಲಿ.

ಎಂಟನೇ ಶತಮಾನದ ಲಿಪಿಯನ್ನು ಮಕ್ಕಳು ಓದಲಾರರು, ಓದಲು ಹೋಗಿ ಸೋತರೆ ಆಸಕ್ತಿಯೇ ಹೋಗುತ್ತದೆ. ಹೋಗುವ ವಾರ ಮೊದಲೇ ಶಾಸನದ ಪಾಠವನ್ನು ಈಗಿನ ಕನ್ನಡ ಲಿಪಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಒಯ್ಯಿರಿ. ನಮ್ಮ ಮೂರು ಜಿಲ್ಲೆಯ ಶಾಸನಗಳು ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳಲ್ಲೂ, ಪುರಾತತ್ತ್ವ ಇಲಾಖೆಯ ದಕ್ಷಿಣ ಭಾರತ ಶಾಸನ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲೂ ಸಿಗುತ್ತವೆ. ದೊಡ್ಡ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರನ್ನೂ ವಿಚಾರಿಸಬಹುದು. ಮಕ್ಕಳು ಪ್ರಿಂಟಿನಲ್ಲಿರುವ ಒಂದೇ ಪದವನ್ನು, ಉದಾಹರಣೆಗೆ ಲೋಕಮಹಾದೇವಿಯ ಹೆಸರನ್ನು, ಕಲ್ಲಿನ ಮೇಲೆ ಹುಡುಕಲಿ. ಒಂದು ಪದ ಕಣ್ಣಿಗೆ ಸಿಕ್ಕಿದರೂ ಆ ದಿನ ಸಾರ್ಥಕ. ನಾಲ್ಕೈದು ಜನರ ಗುಂಪು, ಪ್ರತಿ ಜಾಗಕ್ಕೆ ಇಪ್ಪತ್ತು ನಿಮಿಷ, ಹಾಳೆಯಲ್ಲಿ ಮೂರೇ ಪ್ರಶ್ನೆ: ಹಣ ಯಾರದು, ಕೈಕೆಲಸ ಯಾರದು, ಹೆಸರು ಯಾರದು ಉಳಿದಿದೆ.

ಮಹಾಕೂಟದಲ್ಲಿ ವಿನಾಪೋಟಿಯ ಶಾಸನವಿದೆ. ಆಕೆ ವಿಜಯಾದಿತ್ಯನ ಪ್ರಾಣವಲ್ಲಭೆ, ಪಟ್ಟದರಾಣಿಯಲ್ಲ. ಹಿರಣ್ಯಗರ್ಭ ಎಂಬ ಚಿನ್ನದ ಮಹಾದಾನ ಮಾಡಿದಳು, ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿ ಕೊಡೆ ಮಾಡಿಸಿದಳು, ಹೊಲ ಬಿಟ್ಟಳು. ಇದರಲ್ಲಿ ಮಕ್ಕಳು ಗಮನಿಸಬೇಕಾದದ್ದು ವಂಶ ಹೇಳಿರುವ ರೀತಿ: ರೇವಮಂಚಳಿ, ಆಕೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ. ಮೂರು ತಲೆಮಾರು, ಒಂದೂ ಗಂಡಸಿನ ಹೆಸರಿಲ್ಲ. ಪಕ್ಕದಲ್ಲೇ ಮಕ್ಕಳು ತಮ್ಮ ವಂಶವೃಕ್ಷವನ್ನು ತಾಯಿ, ತಾಯಿಯ ತಾಯಿ, ಆಕೆಯ ತಾಯಿ ಎಂದು ಬರೆದು ನೋಡಲಿ. ಬಹಳ ಮಂದಿಗೆ ಮುತ್ತಜ್ಜಿಯ ಹೆಸರು ಗೊತ್ತಿರುವುದಿಲ್ಲ; ಮನೆಗೆ ಹೋಗಿ ಕೇಳುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ವಿನಾಪೋಟಿ ಯಾರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಾಚಿಕೊಂಡು ರಾಣಿ ಎಂದುಬಿಡಬೇಡಿ. ಅರಮನೆಯ ನಂಟಿನವಳು, ಮದುವೆಯಾದವಳಲ್ಲ, ಸ್ವಂತ ಆಸ್ತಿ ಇದ್ದವಳು, ತನ್ನ ಹೆಸರಿನಲ್ಲೇ ದಾನ ಬರೆಸಿದವಳು ಎಂದು ನೇರವಾಗಿ ಹೇಳಿ ಮುಂದೆ ಹೋಗಿ. ಶಿಕ್ಷಕಿ ತಡವರಿಸಿದರೆ ಹಿಂದಿನ ಬೆಂಚು ನಗುತ್ತದೆ, ನೇರವಾಗಿ ಹೇಳಿದರೆ ಬರೆದುಕೊಳ್ಳುತ್ತದೆ. ವಚನಕಾರ್ತಿ ಸೂಳೆ ಸಂಕವ್ವನ ಹೆಸರು ಬಂದಾಗಲೂ ಇದೇ ಮಾತು. ಆಕೆಯ ಒಂದೇ ವಚನ ಉಳಿದಿದೆ, ಅದರಲ್ಲಿ ವ್ರತ ತಪ್ಪುವುದರ ಬಗ್ಗೆ ಆಕೆ ಆಡಿರುವ ಮಾತು ಬಹಳ ಗಟ್ಟಿಯಾದದ್ದು. ಹೆಸರಿನ ಮೊದಲ ಪದವನ್ನು ತೆಗೆದು ಹೇಳಿದರೆ ಆಕೆ ತಾನಾಗಿ ನಿಂತ ಜಾಗವನ್ನೇ ಅಳಿಸಿದಂತೆ. ತರಗತಿಯ ಮಟ್ಟಿಗೆ ಒಂಬತ್ತನೆಯವರಿಗೆ ಇದು ಸರಿ, ಎಂಟನೆಯವರಿಗೆ ಒಂದು ವರ್ಷ ಕಾಯಬಹುದು.

ವಿಜಯಪುರಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ, ಶುಕ್ರವಾರ ಬೇಡ. ಗೋಳಗುಮ್ಮಟದ ಮ್ಯೂಸಿಯಂ ಅಂದು ರಜೆ. ಇಲ್ಲಿ ಹೆಣ್ಣಿನ ಹೆಸರು ನಾಲ್ಕು ಬೇರೆ ಬೇರೆ ರೀತಿ ಉಳಿದಿರುವುದನ್ನು ತೋರಿಸಬಹುದು. ಚಾಂದ ಬಾವಡಿಯಲ್ಲಿ ಹೆಸರು ಚಾಂದ ಬೀಬಿಯದು, ಕಟ್ಟಿಸಿದ್ದು ಗಂಡ ಒಂದನೇ ಅಲಿ ಆದಿಲ್‌ಶಾಹಿ, 1579ರಲ್ಲಿ. ಬಾವಿಗಿಂತ ದೊಡ್ಡ ಸಂಗತಿ ಬಾವಿಯ ಮೇಲೆ ಬರೆದಿಲ್ಲ: ಮರುವರ್ಷ ಅಲಿ ಕೊಲೆಯಾದ ಮೇಲೆ ಎಳೆಯ ವಯಸ್ಸಿನ ಹೊಸ ಸುಲ್ತಾನ ಇಬ್ರಾಹಿಂನ ಪರವಾಗಿ ಆಡಳಿತ ನೋಡಿಕೊಂಡಳು, ನಡುವೆ ವಿರೋಧಿ ಸರದಾರ ಆಕೆಯನ್ನು ಸಾತಾರೆ ಕೋಟೆಯಲ್ಲಿ ಸೆರೆ ಇಟ್ಟ, ಹೊರಬಂದು ಮತ್ತೆ ಹಿಡಿತ ಸಾಧಿಸಿದಳು, ಹತ್ತು ಹದಿನೈದು ವರ್ಷದ ನಂತರ ತವರಾದ ಅಹಮದನಗರದ ಕೋಟೆಯನ್ನು ಮೊಘಲರ ಎದುರು ಕಾಯ್ದಳು. ಗೋಳಗುಮ್ಮಟದೊಳಗೆ ಮುಹಮ್ಮದ ಆದಿಲ್‌ಶಾಹಿಯ ಜೊತೆ ತಾಜ ಜಹಾನ್ ಬೇಗಂ, ಅರೂಸ್ ಬೀಬಿ, ನರ್ತಕಿ ರಂಭಾ ಕೂಡ ಮಣ್ಣಾಗಿದ್ದಾರೆ. ಜನ ಹೇಳುವುದು ಗುಮ್ಮಟದ ಪಿಸುಮಾತಿನ ಗ್ಯಾಲರಿ ಮತ್ತು ರಂಭೆಯ ಪ್ರೇಮಕಥೆ ಎರಡನ್ನೇ. ಅದೇ ಸುಲ್ತಾನನ ಇನ್ನೊಬ್ಬ ಬೇಗಂ, ಗೋಲ್ಕೊಂಡದಿಂದ ಬಂದ ಖದೀಜಾ ಸುಲ್ತಾನಾ, ದಖನಿ ಭಾಷೆಯ ದೊಡ್ಡ ಕಾವ್ಯವೊಂದನ್ನು ಬರೆಸಿದವಳು, ಗಂಡ ಸತ್ತ ಮೇಲೆ ರಾಜ್ಯದ ವ್ಯವಹಾರದಲ್ಲಿ ದೊಡ್ಡ ಪಾತ್ರ ವಹಿಸಿದವಳು. ಆಕೆಯ ಹೆಸರು ಊರಿನ ಮಕ್ಕಳಿಗೂ ಗೊತ್ತಿಲ್ಲ.

ಇನ್ನು ಸಾಠ ಕಬರ್. ಸಾಲಾಗಿ ಅರುವತ್ತಕ್ಕೂ ಹೆಚ್ಚು ಗೋರಿ. 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮೊದಲು ಅಫ್ಜಲಖಾನ ತನ್ನ ಹೆಂಡಂದಿರನ್ನು ಬಾವಿಗೆ ನೂಕಿಸಿ ಕೊಂದ ಎನ್ನುವುದು ಜನ ಹೇಳುವ ಕಥೆ. ಇಲ್ಲಿ ಮಕ್ಕಳಿಗೆ ಒಂದು ಓದುವ ವಿಧಾನ ಕಲಿಸಿ: ಗೋರಿಯ ಮೇಲ್ಭಾಗ ಚಪ್ಪಟೆ ಹಲಗೆಯಂತಿದ್ದರೆ ಹೆಣ್ಣಿನದು, ನಡುವೆ ಉದ್ದನೆಯ ದಿಂಡು ಎದ್ದಿದ್ದರೆ ಗಂಡಿನದು ಎನ್ನುವುದು ನಮ್ಮ ಕಡೆಯ ರೂಢಿ. ಕಲ್ಲು ಇಷ್ಟನ್ನು ಹೇಳುತ್ತದೆ. ಹೇಗೆ ಸತ್ತರು, ಯಾಕೆ ಎನ್ನುವುದನ್ನು ಹೇಳುವುದು ಕಥೆ. ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಸಿ. ಕಥೆಯಲ್ಲಿ ಖಾನನ ಹೆಸರಿದೆ, ಶಿವಾಜಿಯ ಹೆಸರಿದೆ, ಮಣ್ಣಾದವರಲ್ಲಿ ಒಬ್ಬಳ ಹೆಸರೂ ಇಲ್ಲ ಎನ್ನುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಇದನ್ನು ಭೂತದ ಕಥೆ ಮಾಡಲು ಅಥವಾ ಒಂದು ಧರ್ಮದವರ ಮೇಲಿನ ಮಾತಾಗಿಸಲು ಬಿಡಬೇಡಿ. ಹಾಗೆ ತಿರುಗುವ ಲಕ್ಷಣ ಕಂಡರೆ ನಮ್ಮೂರ ಹೊಲದಲ್ಲೇ ನಿಂತಿರುವ ಮಾಸ್ತಿಕಲ್ಲನ್ನು ನೆನಪಿಸಿ: ಬಳೆ ತೊಟ್ಟ ಒಂದು ತೋಳು ಮೇಲೆದ್ದಿರುತ್ತದೆ, ಅದರ ಮೇಲೂ ಹೆಸರು ಸಿಗುವುದು ಅಪರೂಪ. ಅದಕ್ಕೆ ಕುಂಕುಮ ಹಚ್ಚಿ ಪೂಜಿಸುವವರ ಭಕ್ತಿಯನ್ನು ಅವಮಾನಿಸುವುದು ಬೇಡ, ಸಾವನ್ನು ಹೊಗಳುವುದೂ ಬೇಡ.

ಒಂದೇ ಹೆಣ್ಣಿನ ಬಗ್ಗೆ ಮೂರು ಕಡೆಯ ಮಾತು ಸಿಗುವ ಉದಾಹರಣೆ ಬೇಕಿದ್ದರೆ ಬೈಲಹೊಂಗಲ ತಾಲ್ಲೂಕಿನ ಬೆಳವಡಿ ಮಲ್ಲಮ್ಮ. ದಕ್ಷಿಣದಿಂದ ಹಿಂದಿರುಗುತ್ತಿದ್ದ ಶಿವಾಜಿಯ ಸೈನ್ಯ 1678ರ ಸುಮಾರಿಗೆ ಬೆಳವಡಿಯನ್ನು ಮುತ್ತಿತು. ಅದೇ ಫೆಬ್ರವರಿಯಲ್ಲಿ ರಾಜಾಪುರದ ಇಂಗ್ಲಿಷ್ ವ್ಯಾಪಾರ ಕೋಠಿಯವರು ಬರೆದ ಪತ್ರದ ಸಾರ: ಇಷ್ಟು ರಾಜ್ಯ ಗೆದ್ದವನಿಗೆ ಈ ದೇಸಾಯಿ ಹೆಂಗಸನ್ನು ಮಣಿಸಲಾಗುತ್ತಿಲ್ಲ. ಮರಾಠಿ ಕಡೆಯ ಬರಹಗಳಲ್ಲಿ ಆಕೆ ಸಾವಿತ್ರಿ. ನಮ್ಮ ಜನರ ನೆನಪಿನಲ್ಲಿ ಮಲ್ಲಮ್ಮ, ಗಂಡ ಈಶಪ್ರಭು. ಧಾರವಾಡದ ಹತ್ತಿರ ಯಾದವಾಡದಲ್ಲಿರುವ ಶಿವಾಜಿಯ ಉಬ್ಬುಶಿಲ್ಪವನ್ನು ಆಕೆಯೇ ಮಾಡಿಸಿದಳೆಂದು ಹೇಳುತ್ತಾರೆ. ಬೋರ್ಡಿನ ಮೇಲೆ ಐದು ಅಂಕಣ ಎಳೆಯಿರಿ: ಹೇಳಿದವರು ಯಾರು, ಯಾವಾಗ, ಯಾರಿಗಾಗಿ, ಆಕೆಯ ಹೆಸರೇನು, ಕೊನೆಗೆ ಏನಾಯಿತು. ತುಂಬಿದ ಮೇಲೆ ಮೂವರೂ ಒಪ್ಪುವ ಸಂಗತಿಗೆ ಮಾತ್ರ ವೃತ್ತ ಹಾಕಿಸಿ. ಬೆಳವಡಿಯ ಒಡತಿ, ಬಹಳ ದಿನ ಕೋಟೆ ಬಿಟ್ಟುಕೊಡಲಿಲ್ಲ, ಎದುರಿದ್ದದ್ದು ದೊಡ್ಡ ಸೈನ್ಯ: ಇವು ಉಳಿಯುತ್ತವೆ. ಹೆಸರು, ಕೊನೆ ಎರಡೂ ಬೇರೆ ಬೇರೆ. ಪತ್ರ ಬರೆದ ವ್ಯಾಪಾರಿಗಳಿಗೆ ಆಕೆಯ ಹೆಸರು ಬೇಕಿರಲಿಲ್ಲ, ದಾರಿ ಸುರಕ್ಷಿತವೋ ಅಲ್ಲವೋ ಅಷ್ಟೇ ಬೇಕಿತ್ತು.

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯ ಶಿಕ್ಷಕರು ಈ ಪಾಠ ಮಾಡುವಾಗ ವಿಶೇಷ ಎಚ್ಚರ ವಹಿಸಬೇಕು. ಕ್ಷಣಮಾತ್ರದಲ್ಲಿ ಅದು ಕನ್ನಡ-ಮರಾಠಿ ಜಗಳವಾಗುತ್ತದೆ, ಮಲ್ಲಮ್ಮ ಮತ್ತೆ ಮೂಲೆಗೆ ಹೋಗುತ್ತಾಳೆ. ಮರಾಠಿ ಮನೆಮಾತಿನ ಮಕ್ಕಳಿಗೆ ಮರಾಠಿ ಬರಹವನ್ನು ತಂದು ಓದುವ ಕೆಲಸ ಕೊಡಿ. ಅವರಿಲ್ಲದೆ ಆ ಅಂಕಣ ತುಂಬುವುದಿಲ್ಲ ಎನ್ನುವುದು ಇಡೀ ತರಗತಿಗೆ ಗೊತ್ತಾಗುತ್ತದೆ.

ರಾಣಿ, ಬೇಗಂ, ದೇಸಾಯಿಣಿಯರಲ್ಲೇ ವರ್ಷ ಮುಗಿಯಬಾರದು. ಹನ್ನೆರಡನೇ ಶತಮಾನದ ಶರಣೆಯರಲ್ಲಿ ನೂಲುವವಳು, ಕುಟ್ಟುವವಳು, ಅಕ್ಕಿ ಆಯುವವಳು ಎಲ್ಲ ಇದ್ದರು, ಕೆಲವರ ಒಂದೆರಡು ವಚನ ಮಾತ್ರ ಉಳಿದಿವೆ. ಅವೂ ಉಳಿದದ್ದು ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರಂಥವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿದ್ದರಿಂದ. ಕದಿರೆ ರೆಮ್ಮವ್ವೆಯ ರಾಟಿಯ ವಚನವನ್ನು ಆರಿಸಿಕೊಳ್ಳಿ. ರಾಟಿಯ ಕೆಲವು ಭಾಗಗಳಿಗೆ ಆಕೆ ದೇವರುಗಳನ್ನು, ಕದಿರಿಗೆ ಅರಿವನ್ನು ಹೊಂದಿಸುತ್ತಾಳೆ. ಇಳಕಲ್ಲೋ ಗುಳೇದಗುಡ್ಡವೋ, ನೇಕಾರರ ಮನೆಯಿಂದ ಒಂದು ರಾಟಿ ತರಿಸಿ ಮೇಜಿನ ಮೇಲಿಟ್ಟು ವಚನದ ಪದ ಮತ್ತು ರಾಟಿಯ ಭಾಗ ಎರಡನ್ನೂ ಹೊಂದಿಸಲು ಹೇಳಿ. ನೇಕಾರರ ಮಕ್ಕಳಿಗೆ ಆ ದಿನ ತರಗತಿಯಲ್ಲಿ ಉಳಿದವರಿಗಿಂತ ಹೆಚ್ಚು ಗೊತ್ತಿರುತ್ತದೆ. ಕಂಡಿಕೆ ಸುತ್ತುವವರು ಮನೆಯಲ್ಲಿ ಯಾರು, ಸೀರೆಯ ಕೂಲಿ ಯಾರ ಹೆಸರಿಗೆ ಬರುತ್ತದೆ ಎನ್ನುವ ಪ್ರಶ್ನೆಯನ್ನು ಅಲ್ಲೇ ಕೇಳಿಬಿಡಿ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ, 1943ರ 'ಕಿಸ್ಮತ್' ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದವರು. ಅವರ ಒಂದು ಹಾಡನ್ನು ಮೊಬೈಲಿನಲ್ಲಿ ಕೇಳಿಸಿದರೆ ಸಾಕು, ಉಳಿದದ್ದನ್ನು ಮಕ್ಕಳೇ ಹುಡುಕುತ್ತಾರೆ.

ವರ್ಷದ ಕೊನೆಯ ಕೆಲಸ ಮನೆಯ ಅಥವಾ ಓಣಿಯ ಹಿರಿಯ ಹೆಣ್ಣುಮಗಳ ಮಾತು ಬರೆದುಕೊಳ್ಳುವುದು. ಇದು ಕೆಡುವುದು ಒಂದೇ ಕಾರಣಕ್ಕೆ. "ನಿಮ್ಮ ಜೀವನದ ಬಗ್ಗೆ ಹೇಳ್ರಿ" ಎಂದು ಕೇಳುತ್ತಾರೆ, "ಏನೈತಿ ಹೇಳೂದು, ದುಡದ್ವಿ, ಉಂಡ್ವಿ" ಎನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ವಸ್ತು, ದುಡ್ಡು, ಘಟನೆ ಹಿಡಿದು ಕೇಳಬೇಕು. ಬೀಸುಕಲ್ಲು ಬಿಟ್ಟಿದ್ದು ಯಾವಾಗ, ಊರಿಗೆ ಗಿರಣಿ ಬಂದಿದ್ದು ಯಾವಾಗ? ಮೊದಲ ಪಗಾರ ಎಷ್ಟು, ಯಾರ ಕೈಗೆ ಕೊಟ್ಟಿರಿ? 1972ರ ಬರದಾಗ ಕೆಲಸಕ್ಕೆ ಎಲ್ಲಿ ಹೋಗಿದ್ದಿರಿ? ಸಾಲಿ ಬಿಡಿಸಿದವರು ಯಾರು? ಹಳೇ ಬಾಗಲಕೋಟೆ, ಕೃಷ್ಣಾ ದಂಡೆಯ ಹಳ್ಳಿಗಳ ಮನೆಗಳಲ್ಲಿ ಮುಳುಗಡೆಯ ಬಗ್ಗೆ ಕೇಳಲೇಬೇಕು: ಆಲಮಟ್ಟಿಯ ನೀರು ಬಂದಾಗ ಮನೆ ಬಿಟ್ಟು ಹೊರಡುವಾಗ ಏನೇನು ತಂದಿರಿ, ಪರಿಹಾರದ ದುಡ್ಡಿನ ಬಗ್ಗೆ ನಿಮ್ಮನ್ನು ಯಾರಾದರೂ ಕೇಳಿದರೇ?

ಅಜ್ಜಿ ಜೋಳ ಹಸನು ಮಾಡುತ್ತ, ಸೊಪ್ಪು ಸೋಸುತ್ತ ಕೂತಿದ್ದಾಗ ಹೋಗಲಿ, ಕೈ ಕೆಲಸದಲ್ಲಿದ್ದರೆ ಮಾತು ಸಲೀಸು. ಫ್ಯಾನು ಬಂದ್ ಮಾಡಿ ಮೊಬೈಲನ್ನು ಒಂದು ಮೊಳ ದೂರದಲ್ಲಿಡಲಿ. ಇಪ್ಪತ್ತೈದು ನಿಮಿಷ ಮೀರಬಾರದು. ಮಗನೋ ಗಂಡನೋ ಪಕ್ಕದಲ್ಲಿದ್ದರೆ ಉತ್ತರ ಅವರೇ ಹೇಳುತ್ತಾರೆ. ಅತ್ತೆ ಇದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಒಬ್ಬರೇ ಇದ್ದಾಗ ಕೇಳಬೇಕು. ಇಸವಿ ನೆನಪಿಲ್ಲದಿದ್ದರೆ ಒತ್ತಾಯ ಬೇಡ: ಬರದ ಮೊದಲೋ ಆಮೇಲೋ, ಹಿರೇಮಗ ಹುಟ್ಟುವ ಮೊದಲೋ ಆಮೇಲೋ ಎಂದರೆ ಸಾಕಷ್ಟು ಸರಿಯಾದ ಕಾಲ ಸಿಗುತ್ತದೆ.

ಸವದತ್ತಿ ಸೀಮೆ ಒಳಗೊಂಡು ನಮ್ಮ ಮೂರೂ ಜಿಲ್ಲೆಯಲ್ಲಿ ದೇವದಾಸಿ ಪದ್ಧತಿಯ ನೋವುಂಡ ಕುಟುಂಬಗಳ ಮಕ್ಕಳು ತರಗತಿಯಲ್ಲಿರುತ್ತಾರೆ. 1982ರ ಕಾಯ್ದೆ ಅದನ್ನು ನಿಷೇಧಿಸಿದ್ದರೂ ಮಾತಿನ ಚುಚ್ಚು ನಿಂತಿಲ್ಲ. ಆದ್ದರಿಂದ ನಿಮ್ಮ ಅಜ್ಜಿಯನ್ನೇ ಕೇಳಿ ಬನ್ನಿ ಎಂದು ಎಂದೂ ಹೇಳಬೇಡಿ. ಗೊತ್ತಿರುವ ಯಾವ ಹಿರಿಯ ಹೆಣ್ಣುಮಗಳಾದರೂ ಸರಿ ಎನ್ನಿ. ಹೇಳಿದವರ ಒಪ್ಪಿಗೆ ಇಲ್ಲದೆ ತರಗತಿಯಲ್ಲಿ ಓದಿಸಬೇಡಿ. ಮಗು ಬರೆದದ್ದನ್ನು ಮೊದಲು ನೀವೊಬ್ಬರೇ ಓದಿ.

ಅಂಕದ ವಿಷಯ. ಚಟುವಟಿಕೆಗೆ ಹತ್ತು ಅಂಕ ಇಟ್ಟುಕೊಂಡರೆ ಪುರಾವೆ ಯಾವುದು ಎಂದು ಸರಿಯಾಗಿ ಹೇಳಿದ್ದಕ್ಕೆ ನಾಲ್ಕು, ಅದಕ್ಕೆ ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ಮೂರು, ಇಲ್ಲಿ ಗೊತ್ತಿಲ್ಲ ಎಂದು ಗುರುತಿಸಿದ್ದಕ್ಕೆ ಎರಡು, ಬರವಣಿಗೆಗೆ ಒಂದು. ಬರವಣಿಗೆಗೆ ಹೆಚ್ಚು ಕೊಟ್ಟರೆ ಇಂಟರ್ನೆಟ್ಟಿನಿಂದ ಅಂದವಾಗಿ ನಕಲು ಮಾಡಿದವರೇ ಮೇಲೆ ಬರುತ್ತಾರೆ. ಮಾರ್ಚ್ 8ಕ್ಕೆ ಕಾಯಬೇಡಿ. ಚಾಲುಕ್ಯರ ಪಾಠ ಬಂದಾಗ ಪಟ್ಟದಕಲ್ಲು, ಆದಿಲ್‌ಶಾಹಿ ಬಂದಾಗ ಚಾಂದ ಬೀಬಿ, ಅಕ್ಟೋಬರಿನ ಕಿತ್ತೂರು ಉತ್ಸವದ ವಾರದಲ್ಲಿ ಚೆನ್ನಮ್ಮ, ಮಲ್ಲಮ್ಮ. ಪಾಠದೊಳಗೇ ಬಂದರೆ ಪೋರ್ಷನ್ನೂ ಮುಗಿಯುತ್ತದೆ, ಹುಡುಗರಿಗೆ ಇದು ಹುಡುಗಿಯರ ಪಾಠ ಎಂದು ಅನಿಸುವುದೂ ಇಲ್ಲ.

ಮಕ್ಕಳು ಬರೆದುತಂದ ಮಾತುಗಳ ಒಂದು ಪ್ರತಿ ಶಾಲೆಯ ಲೈಬ್ರರಿಯಲ್ಲಿ, ಒಪ್ಪಿಗೆ ಇದ್ದವರದ್ದು ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಡಿ. ಪ್ರತಿ ಹಾಳೆಯ ಮೇಲೆ ಊರು, ತಾರೀಖು, ಕೇಳಿದ ವಿದ್ಯಾರ್ಥಿಯ ಹೆಸರು, ಹೇಳಿದವರ ಪೂರ್ತಿ ಹೆಸರು ಇರಲಿ: ಇಂಥವರ ತಾಯಿ, ಇಂಥವರ ಹೆಂಡತಿ ಎಂದು ಬರೆದದ್ದಿದ್ದರೆ ವಾಪಸ್ ಕೊಟ್ಟು ಆಕೆಯ ಸ್ವಂತ ಹೆಸರು, ತವರಿನಲ್ಲಿ ಕರೆಯುತ್ತಿದ್ದ ಹೆಸರು ಎರಡನ್ನೂ ಬರೆಸಿ.